ತಂದೆ: ಎರಡು-ನಾಲ್ಕು-ಏಳು

ಜೂನ್ 3, ಮಂಗಳವಾರ, ಬೆಳಗ್ಗೆ ಹತ್ತು ಇಪ್ಪತ್ತು. ಆ ಹೊತ್ತಿನ ಎದುರಿಗೆ ಡೈರಿಯಲ್ಲಿ ಬರೆದಿದ್ದೇನೆ: "ವಂಶಾವಳಿ ಬಂತು. ಇಬ್ಬರು ತಂದರು. ಇಬ್ಬರೂ ಅಧ್ಯಕ್ಷರು."

ಒಬ್ಬರು ವಂಶಾವಳಿ ಸಮಿತಿಯ ಅಧ್ಯಕ್ಷರು, ಇನ್ನೊಬ್ಬರು ಗೌರವಾಧ್ಯಕ್ಷರು. ಸಮಿತಿಯಲ್ಲಿ ಬೇರೆ ಸದಸ್ಯರು ಇದ್ದಂತೆ ಕಾಣಲಿಲ್ಲ. ಹೇರೋಹಳ್ಳಿಯಿಂದ ಕೆಂಗೇರಿಯವರೆಗಿನ ಹಳೇ ಹಳ್ಳಿಗಳಲ್ಲಿ ಹರಡಿಕೊಂಡ ದೊಡ್ಡ ಒಕ್ಕಲು ಮನೆತನ ಅವರದು. ರಾಗಿ ಬೆಳೆಯುತ್ತಿದ್ದ ಹೊಲಗಳ ಮೇಲೆ ಈಗ ಬಾಡಿಗೆ ಮನೆಗಳು ನಿಂತಿವೆ. ಬೆಳಗ್ಗೆ ಎದ್ದರೆ ಮಾಡಲು ಕೆಲಸವಿಲ್ಲ. ಹಾಗಾಗಿ ತಮ್ಮ ಮುತ್ತಜ್ಜ ಯಾರೆಂದು ಪುಸ್ತಕ ಮಾಡಿಸಲು ಹೊರಟಿದ್ದರು. ಐದು ಶಾಖೆ, ಆರು ತಲೆಮಾರು, ಸಾವಿರದ ನೂರ ನಲವತ್ತಾರು ಜನ. ಬಿಡುಗಡೆ ಶ್ರಾವಣದಲ್ಲಿ. ಆಷಾಢ ಹಿಡಿಯುವುದರೊಳಗೆ ನಮ್ಮ ಕೆಲಸ ಮುಗಿದು ಅವರ ಸಹಿ ಬಿದ್ದಿರಬೇಕು.

ನಾನು ಕೆಲಸ ಮಾಡುವ ಆಫೀಸು ವಿಜಯನಗರದಲ್ಲಿ, ಸ್ಟೀಲ್ ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಯಜಮಾನರು ಮತ್ತು ನಾನು, ಇಬ್ಬರೇ. ಬೇರೆಯವರ ಪುಸ್ತಕವನ್ನು ಒಂದೇ ಫೈಲಿನಲ್ಲಿ ಕಟ್ಟಿ, ಅದರಿಂದಲೇ ಅಚ್ಚಿನ ಪುಟವನ್ನೂ ಫೋನಿನಲ್ಲಿ ಓದುವ ಪುಟವನ್ನೂ ತೆಗೆಯುವುದು ನಮ್ಮ ವೃತ್ತಿ. ಆ ಫೈಲು ಎಕ್ಸ್‌ಎಂಎಲ್‌ನಲ್ಲಿ ಇರುತ್ತದೆ. ಪ್ರತಿ ಮನುಷ್ಯನಿಗೂ ಒಂದು ಡಬ್ಬಿ, ಅದರೊಳಗೆ ಅವನ ಹೆಸರು, ಊರು, ಮತ್ತೆ ಅವನ ಮಕ್ಕಳ ಡಬ್ಬಿಗಳು ಎಂದುಕೊಳ್ಳಿ. ಅದನ್ನು ಪುಟವಾಗಿಸುವ ನಿಯಮಗಳ ಪಟ್ಟಿಗೆ ಎಕ್ಸ್‌ಎಸ್‌ಎಲ್‌ಟಿ ಸ್ಟೈಲ್‌ಶೀಟ್ ಎನ್ನುತ್ತಾರೆ. ಮನುಷ್ಯ ಸಿಕ್ಕರೆ ಹೆಸರನ್ನು ದಪ್ಪಕ್ಷರದಲ್ಲಿ ಹಾಕು, ಕೆಳಗೆ ಮಕ್ಕಳನ್ನು ಸಾಲಾಗಿ ಬರೆ, 'ನೋಡಿ' ಎಂದಿದ್ದರೆ ಆ ಇನ್ನೊಬ್ಬನನ್ನು ಹುಡುಕಿ ಅವನ ಹೆಸರನ್ನೂ ಪುಟವನ್ನೂ ತಂದು ಹಾಕು, ಹೀಗೆ. ಹುಡುಕಿ ತರಬೇಕಾದರೆ ಪ್ರತಿಯೊಬ್ಬರಿಗೂ ಒಂದು ಗುರುತು ಬೇಕು. ಒಂದೇ ಗುರುತು ಇಬ್ಬರಿಗೆ ಇರಬಾರದು. ಇವತ್ತಿನ ಗುರುತು ನಾಳೆಯೂ ಅದೇ ಆಗಿರಬೇಕು. ಇಷ್ಟೇ ನಿಯಮ. ಮೊದಲನೆಯದು ಎಲ್ಲರಿಗೂ ಗೊತ್ತಿರುತ್ತದೆ. ಎರಡನೆಯದು ಹದಿನೈದು ವರ್ಷ ಇದೇ ಕೆಲಸ ಮಾಡಿದ ನಮ್ಮ ಯಜಮಾನರಿಗೆ ಗೊತ್ತಿರಲಿಲ್ಲ.

ಅವರು ಫೈಲಿನಲ್ಲಿ ಯಾರಿಗೂ ಗುರುತು ಬರೆದಿಡಲಿಲ್ಲ. ಸ್ಟೈಲ್‌ಶೀಟು ಪ್ರತಿ ಸಲ ಓಡುವಾಗಲೂ ಎಣಿಸಿ ಕೊಡುವಂತೆ ಮಾಡಿದರು. ಶಾಖೆ ಎಷ್ಟನೆಯದು, ತಲೆಮಾರು ಎಷ್ಟನೆಯದು, ಆ ತಲೆಮಾರಿನಲ್ಲಿ ಎಷ್ಟನೆಯವನು. ಎರಡನೇ ಶಾಖೆಯ ನಾಲ್ಕನೇ ತಲೆಮಾರಿನ ಏಳನೆಯವನು 2-4-7.

"ನಂಬರ್ ನೋಡಿದ ತಕ್ಷಣ ಮನುಷ್ಯ ಎಲ್ಲಿದಾನೆ ಅಂತ ಗೊತ್ತಾಗಬೇಕಮ್ಮ. ಅದು ಲಾಜಿಕ್ಕು," ಎಂದರು.

"ಮಧ್ಯೆ ಒಬ್ಬರನ್ನ ಸೇರಿಸಿದ್ರೆ ಮುಂದಿನವರ ನಂಬರೆಲ್ಲ ಬದಲಾಗುತ್ತಲ್ಲ ಸಾರ್?"

"ಬದಲಾಗ್ಲಿ ಬಿಡು. ಸ್ಟೈಲ್‌ಶೀಟು ಮತ್ತೆ ಎಣಿಸ್ಕೊಳ್ಳುತ್ತೆ. ಅದೇನು ಬೆರಳು ಮಡಿಚಿ ಎಣಿಸ್ಬೇಕಾ, ಸುಸ್ತಾಗೋಕೆ?"

ಜೂನ್ 5ರ ಪುಟದಲ್ಲಿ "ಯಜಮಾನರ ಜೋಕು: ಒಂದು" ಎಂದು ಗುರುತು ಮಾಡಿಕೊಂಡಿದ್ದೇನೆ. ನಾನು ಮತ್ತೆ ಕೇಳಲಿಲ್ಲ. ಅದನ್ನೂ ಬರೆದುಕೊಳ್ಳಬೇಕಿತ್ತು.

ಡಬ್ಬಿಯೊಳಗೆ ಡಬ್ಬಿಯಾಗಿ ಕೂತವರಿಗೆ ಈ ಪದ್ಧತಿಯಿಂದ ಏನೂ ಆಗುವುದಿಲ್ಲ ಎನ್ನುವುದು ನಿಜ. ಅಪ್ಪನ ಡಬ್ಬಿ ಎಲ್ಲಿಗೆ ಹೋದರೂ ಮಕ್ಕಳು ಜೊತೆಗೇ ಹೋಗುತ್ತಾರೆ. 'ನೋಡಿ' ಎಂಬ ಕೊಂಡಿ ಬೇಕಾಗುವುದು ಅಪ್ಪನ ಡಬ್ಬಿಯೊಳಗೆ ಜಾಗ ಸಿಗದವರಿಗೆ. ಅಂಥವರು ಈ ಪುಸ್ತಕದಲ್ಲಿ ಮೂವತ್ತೆಂಟು ಜನ ಇದ್ದರು. ಅವರನ್ನು ಕೊನೆಯಲ್ಲಿ 'ಇತರೆ ಬಂಧುಗಳು' ಎಂಬ ಅನುಬಂಧಕ್ಕೆ ತಳ್ಳಿದ್ದರು. ಎರಡನೇ ಸಂಸಾರದ ಮಕ್ಕಳು, ಮರುಮದುವೆಯಾದ ವಿಧವೆಯರ ಮಕ್ಕಳು, ಜಾತಿ ಬಿಟ್ಟು ಮದುವೆಯಾದವರು. ಅವರನ್ನು ಅಪ್ಪನ ಪುಟದಲ್ಲಿ ಹಾಕಿದರೆ ಮರ್ಯಾದೆ ಹೋಗುತ್ತದೆ, ಪೂರ್ತಿ ಬಿಟ್ಟರೆ ಬಿಡುಗಡೆಯ ದಿನ ಬಂದು ಮೈಕು ಕಿತ್ತುಕೊಳ್ಳುತ್ತಾರೆ. ಅದಕ್ಕೆ ಸಮಿತಿ ಕಂಡುಕೊಂಡ ಜಾಣ ದಾರಿ ಅನುಬಂಧ. ಒಬ್ಬೊಬ್ಬರಿಗೆ ಎರಡು ಸಾಲು: ತಮ್ಮ ಹೆಸರು, ಕೆಲವರಿಗೆ ಪಕ್ಕದಲ್ಲೇ ತಾಯಿಯ ಹೆಸರು; ಕೆಳಗೆ 'ತಂದೆ: ನೋಡಿ' ಎಂಬ ಒಂದು ಕೊಂಡಿ.

ಆ ಮೂವತ್ತೆಂಟು ಕೊಂಡಿಗಳನ್ನು ಟೈಪ್ ಮಾಡಿದವಳು ನಾನು. ಕಾಗದದಲ್ಲಿ ಏನೂ ಕೊಡಲಿಲ್ಲ.

"ಇದನ್ನೆಲ್ಲ ಬರೆದು ಕೊಡೋಕಾಗಲ್ಲ ಕಣಮ್ಮ," ಎಂದು ಗೌರವಾಧ್ಯಕ್ಷರು ಫೋನಿನಲ್ಲಿ ಹೇಳಿದರು. "ಬಾಯಲ್ಲಿ ಹೇಳ್ತೀನಿ, ಹಾಕ್ಕೊ."

"ಅಪ್ಪನ ಹೆಸರು ಹೇಳಿ ಸಾರ್."

"ಹೆಸರು ಯಾಕೆ? ನಂಬರ್ ಐತಲ್ಲ. ನಿಮ್ಮ ಪ್ರೂಫು ನನ್ನ ಕೈಯಲ್ಲೇ ಐತೆ. ಹಾಕ್ಕೊ, ಎರಡು ನಾಲ್ಕು ಏಳು."

ಅಂದರೆ ಸ್ಟೈಲ್‌ಶೀಟು ಆ ಹೊತ್ತಿಗೆ ಎಣಿಸಿ ಮುದ್ರಿಸಿದ ನಂಬರನ್ನು ಅವರು ಓದಿದರು, ನಾನು ಅದನ್ನು ಶಾಶ್ವತ ಎಂಬಂತೆ ಫೈಲಿಗೆ ಬಡಿದೆ. ಜೂನ್ 11ಕ್ಕೆ ಒಂಬತ್ತು, 12ಕ್ಕೆ ಏಳು, 17ಕ್ಕೆ ಹತ್ತು, 19ಕ್ಕೆ ಹನ್ನೆರಡು. ತಮ್ಮವರೇ ಆದ ಮನುಷ್ಯರ ಅಪ್ಪಂದಿರ ಹೆಸರನ್ನು ಬಾಯಲ್ಲಿ ಹೇಳಲು ಹಿಂಜರಿಯುವವರು ವಂಶಾವಳಿ ಯಾಕೆ ಮಾಡಿಸುತ್ತಾರೋ ನನಗೆ ಇವತ್ತಿಗೂ ತಿಳಿದಿಲ್ಲ.

ಜೂನ್ 13, ಶುಕ್ರವಾರ, ಹನ್ನೊಂದು ನಲವತ್ತಕ್ಕೆ ಒಬ್ಬ ಆಂಟಿ ಮಹಡಿ ಹತ್ತಿ ಬಂದರು. ಕೆಂಗೇರಿಯಿಂದ ಮೆಟ್ರೊದಲ್ಲಿ ಬಂದಿದ್ದರು. ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ವಂಶಾವಳಿ ಇಲ್ಲೇ ತಯಾರಾಗುವುದು ಎಂದು ಯಾರೋ ಹೇಳಿದರಂತೆ. ಯಜಮಾನರು ಕಾಫಿಗೆ ಹೋಗಿದ್ದರು.

"ಪುಸ್ತಕ ಎಲ್ಲ ತೋರ್ಸಬೇಡ ಮಗಾ. ನಂದು ಒಂದು ಸಾಲು ಐತಂತೆ. ಅದನ್ನ ನೋಡ್ಬೇಕು."

ಅನುಬಂಧ ತೆರೆದೆ. ಅವರ ಹೆಸರು, ಅವರ ತಾಯಿಯ ಹೆಸರು, ಕೆಳಗೆ 'ತಂದೆ' ಎಂದು ಬರೆದು ಸ್ಟೈಲ್‌ಶೀಟು ಹುಡುಕಿ ತಂದ ಹೆಸರು, ಪುಟ. ಕೊಂಡಿ 2-4-7. ಅವರು ಪರದೆಗೆ ಬೆರಳು ತಾಗಿಸಿ ಆ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದರು.

"ಸ್ಕೂಲಿಗೆ ಹಾಕುವಾಗ ನಮ್ಮವ್ವಂಗೆ ಹೇಳ್ಕಳ್ಸಿದ್ರು, ಅಪ್ಪನ ಹೆಸರು ಬರೆಸ್ಬೇಡ ಅಂತ. ಮೇಷ್ಟ್ರು ತಾತನ ಹೆಸರು ಬರ್ಕೊಂಡ್ರು. ಕೆಲಸಕ್ಕೆ ಸೇರುವಾಗ್ಲೂ ತಾತನ ಹೆಸರೇ. ಮದುವೆ ಲಗ್ನಪತ್ರಿಕೇಲೂ ತಾತನ ಹೆಸರೇ. ಅರವತ್ಮೂರಾಯ್ತು ನಂಗೆ. ಎಲ್ಲೂ ಒಂದು ಕಡೆ ಅಪ್ಪನ ಹೆಸರಿನ ಜೊತೆ ನನ್ನ ಹೆಸರು ಅಚ್ಚಾಗಿಲ್ಲ."

"ಗೌರವಾಧ್ಯಕ್ಷರೇ ಹೇಳಿ ಹಾಕ್ಸಿದ್ದು ಆಂಟಿ."

"ಹೇಳ್ದೆ ಏನ್ ಮಾಡ್ತಾನೆ. ಅವನು ನಮ್ಮಣ್ಣನೇ. ಅಪ್ಪ ಒಬ್ರೇ, ಅವನು ದೊಡ್ಡಮ್ಮನ ಮಗ. ಅವನ ಮನೆ ಬಾಗ್ಲಲ್ಲಿ ಮೂರು ದಿನ ಹೋಗಿ ಕೂತಿದ್ದೆ. ಪುಟದಲ್ಲಿ ಹಾಕಲ್ಲ ಅಂದ, ಸರಿ. ಸಾಲಲ್ಲಾದ್ರೂ ಹಾಕು ಅಂದೆ."

ಒಂದು ಲೋಟ ನೀರು ಕುಡಿದು ಹೋದರು. ಡೈರಿಯಲ್ಲಿ: "11.40. ಕೆಂಗೇರಿ ಆಂಟಿ. 2-4-7 ನೋಡಿದರು. ಸರಿ ಇದೆ ಎಂದರು."

ಎರಡು ದಿನದ ಮೇಲೆ, ಭಾನುವಾರ, ನಂದಿನಿ ಲೇಔಟಿನಲ್ಲಿ ಅವರ ಕುಟುಂಬದ ಸಭೆ ನಡೆಯಿತು. ಆ ಮನೆತನದಲ್ಲಿ ಯಾವ ಶುಭಕಾರ್ಯವಾದರೂ ಮೊದಲ ವೀಳ್ಯ ಹಿರೀ ಶಾಖೆಗೆ ಸಲ್ಲಬೇಕು. ಹಿರೀ ಶಾಖೆ ಯಾವುದು ಎಂದು ಅಧ್ಯಕ್ಷರ ಶಾಖೆಗೂ ಗೌರವಾಧ್ಯಕ್ಷರ ಶಾಖೆಗೂ ಅವರ ಅಪ್ಪಂದಿರ ಕಾಲದಿಂದ ಜಗಳ. ಎಲೆ ಅಡಿಕೆಯ ತಟ್ಟೆ ಮೊದಲು ಯಾರ ಮುಂದೆ ಬಂತು ಎಂಬುದರ ಮೇಲೆ ಮದುವೆ ಮನೆಯಿಂದ ಉಣ್ಣದೆ ಎದ್ದು ಹೋದವರಿದ್ದಾರೆ. ಪುಸ್ತಕದಲ್ಲಿ 'ಒಂದನೇ ಶಾಖೆ' ಎಂದು ಅಚ್ಚಾದರೆ ಮುಗಿಯಿತು, ಇನ್ನು ಮುಂದೆ ತಟ್ಟೆ ಹಿಡಿಯುವವನು ಪುಸ್ತಕ ತೆಗೆದು ನೋಡುತ್ತಾನೆ. ಸಭೆ ನಾಲ್ಕು ಗಂಟೆ ನಡೆದು ರಾಜಿಯಾಯಿತು. ಅಧ್ಯಕ್ಷರು ಒಂದನೇ ಸ್ಥಾನ ಬಿಟ್ಟುಕೊಟ್ಟರು. ಬದಲಿಗೆ ಮೊದಲಲ್ಲೇ ಅವರದೊಂದು ಇಡೀ ಪುಟದ ಬಣ್ಣದ ಫೋಟೊ. ತಲೆತಲಾಂತರದ ಹಿರಿತನ ಒಂದು ಫೋಟೊಗೆ ಹೋಯಿತು. ಇದು ಅಧ್ಯಕ್ಷರೇ ನಗುತ್ತ ನಮಗೆ ಹೇಳಿದ್ದು.

ಜೂನ್ 17, ಮಂಗಳವಾರ, ಯಜಮಾನರು ಎರಡನೇ ಶಾಖೆಯನ್ನು, ಅಂದರೆ ಗೌರವಾಧ್ಯಕ್ಷರದನ್ನು, ಕತ್ತರಿಸಿ ಒಂದನೆಯದರ ಮುಂದೆ ಅಂಟಿಸಿದರು. "ಎರಡು ನಿಮಿಷದ ಕೆಲಸ ಕಣಮ್ಮ," ಎಂದು ಕೈ ಝಾಡಿಸಿದರು. ಮಧ್ಯಾಹ್ನದ ಹೊತ್ತಿಗೆ ಹೊಸ ಪ್ರೂಫು ಗೌರವಾಧ್ಯಕ್ಷರ ಮನೆಗೆ ಹೋಯಿತು.

ಸ್ಟೈಲ್‌ಶೀಟು ನಿಷ್ಠೆಯಿಂದ ಮತ್ತೆ ಎಣಿಸಿತು. 2-4-7 ಆಗಿದ್ದ ಮನುಷ್ಯ 1-4-7 ಆದ. 1-4-7 ಆಗಿದ್ದವನು 2-4-7 ಆದ. ಅನುಬಂಧದಲ್ಲಿ ನಾನು ಬಡಿದಿಟ್ಟ 2-4-7 ಮಾತ್ರ 2-4-7 ಆಗಿಯೇ ಉಳಿಯಿತು. ತಪ್ಪು ಹಿಡಿಯಲು ನಮ್ಮಲ್ಲಿ ಒಂದು ಪರೀಕ್ಷೆಯೂ ಇದೆ. ಅದು ಕೇಳುವುದು ಒಂದೇ ಪ್ರಶ್ನೆ: ಈ ನಂಬರಿನವರು ಫೈಲಿನಲ್ಲಿ ಇದ್ದಾರೋ ಇಲ್ಲವೋ? ಇದ್ದಾರೆ. ಸರಿ, ಮುಂದಕ್ಕೆ. ಪರದೆಯಲ್ಲಿ ಹಸಿರು ಬಣ್ಣ ಬಂತು. ಯಜಮಾನರು ಹಸಿರನ್ನು ನಂಬುವವರು.

ಜೂನ್ 24, ಅಮಾವಾಸ್ಯೆಯ ಹಿಂದಿನ ದಿನ, ಇಬ್ಬರೂ ಸಹಿ ಹಾಕಲು ಬಂದರು. ಅಧ್ಯಕ್ಷರು ತಮ್ಮ ಫೋಟೊ ಇದ್ದ ಪುಟ ಬಿಟ್ಟು ಬೇರೆ ಪುಟ ತೆರೆಯಲಿಲ್ಲ.

"ಮೀಸೆ ಒಂಚೂರು ಕಪ್ಪು ಮಾಡಕ್ಕಾಗುತ್ತಾ?"

"ಆಗುತ್ತೆ ಸಾರ್," ಎಂದರು ಯಜಮಾನರು. ಎಲ್ಲ ಕೊಂಡಿಗಳನ್ನು ಒಮ್ಮೆ ಓದಿ ನೋಡಲು ಸಮಯವಿಲ್ಲದವರು ಮೀಸೆಗೆ ಮುಕ್ಕಾಲು ಗಂಟೆ ಕೊಟ್ಟರು. ನಾನು ಗಡಿಯಾರ ನೋಡಿದ್ದೇನೆ.

ಗೌರವಾಧ್ಯಕ್ಷರು ಅನುಬಂಧ ತೆಗೆದರು. ಒಂದು ಪುಟದ ಮೇಲೆ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಒಮ್ಮೆ ಅಧ್ಯಕ್ಷರ ಕಡೆ ನೋಡಿದರು. ಆಮೇಲೆ ಪುಟ ಮಗುಚಿ ಸಹಿ ಹಾಕಿದರು. ಯಾಕೆ ಎಂದು ಆಗ ನನಗೆ ಹೊಳೆಯಲಿಲ್ಲ. ಸಂಜೆ ಯಜಮಾನರು ಫೋನಿನಲ್ಲಿ ಓದುವ ಪುಸ್ತಕದ ಲಿಂಕನ್ನು ಆ ಮನೆತನದ ವಾಟ್ಸಾಪ್ ಗ್ರೂಪಿಗೆ ಕಳಿಸಿದರು.

ಜೂನ್ 26, ಗುರುವಾರ, ಹನ್ನೆರಡು ಐದಕ್ಕೆ ಕೆಂಗೇರಿ ಆಂಟಿ ಮತ್ತೆ ಬಂದರು. ಈ ಸಲ ನೀರು ಬೇಡವೆಂದರು. ಫೋನು ನನ್ನ ಮುಂದೆ ಹಿಡಿದರು. ಅವರ ಹೆಸರು, ತಾಯಿಯ ಹೆಸರು. ತಂದೆ: ಅಧ್ಯಕ್ಷರ ಅಪ್ಪ.

"ಮಗಾ, ನಮ್ಮವ್ವ ಈ ಮನುಷ್ಯನ ಮುಖಾನೂ ನೋಡಿಲ್ಲ," ಎಂದರು. ಕೂಗಲಿಲ್ಲ. "ಇಷ್ಟು ದಿನ ನಮ್ಮವ್ವಂಗೆ ಅಂದಿದ್ದು ಸಾಲ್ದು ಅಂತ ಇದೊಂದು ಬಾಕಿ ಇತ್ತಾ?"

ನನಗೆ ಗೌರವಾಧ್ಯಕ್ಷರ ಕನ್ನಡಕ ನೆನಪಾಯಿತು. ತನ್ನ ಅಪ್ಪನ ಎರಡನೇ ಸಂಸಾರ ಪಕ್ಕದ ಶಾಖೆಗೆ ವರ್ಗವಾದದ್ದನ್ನು ಆ ಮನುಷ್ಯ ಎರಡು ಸಲ ಓದಿ, ಖಾತ್ರಿ ಮಾಡಿಕೊಂಡು, ಸಹಿ ಹಾಕಿದ್ದರು.

ಮಾರನೆಯ ದಿನ ಅಧ್ಯಕ್ಷರು ಫೋನು ಮಾಡಲಿಲ್ಲ, ನೇರ ಬಂದರು. "ಕೆಂಗೇರೀಲಿ ನಮ್ಮಪ್ಪಂಗೆ ಇನ್ನೊಂದು ಸಂಸಾರ ಇತ್ತಂತೆ! ಇಡೀ ಗ್ರೂಪಲ್ಲಿ ನಗ್ತಾವ್ರೆ! ನಮ್ಮ ಭಾಮೈದ ಕಂಗ್ರಾಚುಲೇಷನ್ಸ್ ಅಂತ ಹಾಕವ್ನೆ!"

"ಟೆಕ್ನಿಕಲ್ ಮಿಸ್ಟೇಕು ಸಾರ್," ಎಂದರು ಯಜಮಾನರು. ಎರಡು ನಿಮಿಷದ ಕೆಲಸದ ಬಗ್ಗೆ ಏನೂ ಹೇಳಲಿಲ್ಲ.

"ಆ ತಂದೆ ನೋಡಿ, ತಂದೆ ನೋಡಿ ಅಂತ ಐತಲ್ಲ, ಅಷ್ಟೂ ತೆಗೆದಾಕ್ಬಿಡಿ. ಗೋಜೇ ಬೇಡ."

ಕೊಂಡಿಗಳನ್ನು ಸರಿಮಾಡಿ ಹೊಸ ಪ್ರೂಫು ಕೊಡಬಹುದು ಎಂದೆ.

"ಆಷಾಢದಲ್ಲಿ ಹೊಸದಕ್ಕೆ ನಾನು ಸಹಿ ಹಾಕಲ್ಲ ಕಣಮ್ಮ. ತೆಗೆಯೋಕೆ ಮುಹೂರ್ತ ಬೇಡ, ತೆಗೀರಿ." ಸೋಮವಾರ ಗೌರವಾಧ್ಯಕ್ಷರನ್ನೂ ಕರೆತಂದು ತೀರ್ಮಾನ ಮಾಡುವುದಾಗಿ ಹೇಳಿ ಹೋದರು.

ಹಾಗೆ ನನಗೆ ಶನಿವಾರ, ಭಾನುವಾರ ಸಿಕ್ಕಿತು. ಮೂವತ್ತೆಂಟು ಜನಕ್ಕೆ ಈ ಪುಸ್ತಕದಲ್ಲಿ ಅಪ್ಪ ಇರುವುದು, ಇಲ್ಲದಿರುವುದು ಆ ಎರಡು ದಿನದ ಮೇಲೆ ನಿಂತಿತ್ತು.

ಶನಿವಾರ ಬೆಳಗ್ಗೆ ಯಜಮಾನರಿಗೆ ಒಂದು ಉಪಾಯ ಹೊಳೆಯಿತು. ಎಕ್ಸ್‌ಎಸ್‌ಎಲ್‌ಟಿಯಲ್ಲಿ ತಾನಾಗಿಯೇ ಗುರುತು ಹುಟ್ಟಿಸಿಕೊಡುವ ಒಂದು ಸೌಲಭ್ಯ ಇದೆ. ಇಬ್ಬರಿಗೆ ಒಂದೇ ಗುರುತು ಅದು ಕೊಡುವುದಿಲ್ಲ. "ಅದನ್ನ ಹಾಕು, ಮುಗೀತು," ಎಂದರು. ಅದು ಒಂದು ಓಟದೊಳಗೆ ಮಾತ್ರ ನಂಬಬಹುದಾದ ಗುರುತು, ಮುಂದಿನ ಓಟಕ್ಕೆ ಅದೇ ಬರುತ್ತದೆಂದು ಯಾರೂ ಮಾತು ಕೊಟ್ಟಿಲ್ಲ ಎಂದೆ. ನಂಬಲಿಲ್ಲ. ಹಾಕಿ ಓಡಿಸಿದೆ. ಆಂಟಿಯ ಅಪ್ಪನ ಗುರುತನ್ನು ಬರೆದುಕೊಂಡೆ. ಆಮೇಲೆ ಪುಸ್ತಕದ ಮೊದಲಲ್ಲಿ ಅಧ್ಯಕ್ಷರ ಫೋಟೊ ಇನ್ನೊಂದು ಸೇರಿಸಿ ಮತ್ತೆ ಓಡಿಸಿದೆ. ಸಾವಿರದ ನೂರ ನಲವತ್ತಾರು ಜನರ ಗುರುತೂ ಬದಲಾಗಿತ್ತು. ಆ ಫೋಟೊದಿಂದ ಯಾವುದಕ್ಕಾದರೂ ಉಪಯೋಗವಾದದ್ದು ಅದೊಂದೇ ಸಲ. ಯಜಮಾನರು ಪರದೆ ನೋಡಿ, "ಇದು ವರ್ಷನ್ ಪ್ರಾಬ್ಲಮ್ಮು" ಎಂದು ಊಟಕ್ಕೆ ಹೋದರು.

ನಾನು ಮಾಡಿದ್ದು ಬುದ್ಧಿವಂತಿಕೆಯ ಕೆಲಸವೇನಲ್ಲ. ಒಂದು ಚಿಕ್ಕ ಸ್ಟೈಲ್‌ಶೀಟು. ಫೈಲಿನಲ್ಲಿ ಇದ್ದದ್ದನ್ನು ಇದ್ದಂತೆ ನಕಲು ಮಾಡು. ಮನುಷ್ಯ ಸಿಕ್ಕರೆ, ಗುರುತು ಇಲ್ಲದಿದ್ದರೆ ಮಾತ್ರ, ಈವರೆಗೆ ಕೊಟ್ಟ ದೊಡ್ಡ ಸಂಖ್ಯೆಗೆ ಒಂದು ಸೇರಿಸಿ ಬರೆ. ಗುರುತು ಇದ್ದರೆ ಮುಟ್ಟಬೇಡ. ಸತ್ತರೂ, ಶಾಖೆ ಬದಲಾದರೂ, ಪುಸ್ತಕದಿಂದ ತೆಗೆದರೂ ಆ ಸಂಖ್ಯೆಯನ್ನು ಇನ್ನೊಬ್ಬರಿಗೆ ಕೊಡಬೇಡ. ಸಂಖ್ಯೆಗೆ ಅರ್ಥ ಇಲ್ಲ. ಶಾಖೆ ಇಲ್ಲ, ತಲೆಮಾರು ಇಲ್ಲ, ಹಿರಿತನ ಇಲ್ಲ. ಅರ್ಥ ಇದ್ದರೆ ನಾಳೆ ಯಾರಾದರೂ ಬಂದು ಆ ಅರ್ಥ ತಪ್ಪು ಎನ್ನುತ್ತಾರೆ, ಸಂಖ್ಯೆ ಬದಲಾಯಿಸಬೇಕಾಗುತ್ತದೆ. ಇಷ್ಟನ್ನು ಜೂನ್ 3ರಂದೇ ಮಾಡಿದ್ದರೆ ಒಂದು ಗಂಟೆ ಸಾಕಾಗುತ್ತಿತ್ತು.

ಕಷ್ಟದ ಕೆಲಸ ಬೇರೆ ಇತ್ತು. ನಾನು ಟೈಪ್ ಮಾಡಿದ ಪ್ರತಿ ಹಳೇ ನಂಬರು ಯಾರನ್ನು ಉದ್ದೇಶಿಸಿತ್ತು? ಮೂರು, ನಾಲ್ಕು, ಐದನೇ ಶಾಖೆಗಳು ಅಲುಗಾಡಿರಲಿಲ್ಲ. ಅಲ್ಲಿಗೆ ಹೋಗುವ ಹದಿನೇಳು ಕೊಂಡಿಗಳು ಸರಿ ಇದ್ದವು. ಉಳಿದ ಇಪ್ಪತ್ತೊಂದು, ಒಂದನೇ ಮತ್ತು ಎರಡನೇ ಶಾಖೆಯವು. ಶಾಖೆ ಬದಲಾಗುವ ಮೊದಲು ಟೈಪ್ ಮಾಡಿದವು ಒಂಬತ್ತು. ಅವನ್ನು ಹಳೇ ಪ್ರೂಫಿನ ಪ್ರಕಾರ ಓದಬೇಕು. ಆಂಟಿಯದು ಅದರಲ್ಲೊಂದು. ಬದಲಾದ ಮೇಲೆ ಮಾಡಿದವು ಐದು, ಅವನ್ನು ಹೊಸದರ ಪ್ರಕಾರ. ಇಷ್ಟೂ ಡೈರಿಯ ತಾರೀಖುಗಳಿಂದ ಸಿಕ್ಕಿತು. ಹಳೇ ಫೈಲು ಹಿಂದಿನ ಇಮೇಲಿನಲ್ಲಿ ಇತ್ತು. ಭಾನುವಾರ ಸಂಜೆ ನಾಲ್ಕಕ್ಕೆ ಹದಿನಾಲ್ಕನ್ನೂ ಅವರವರ ಅಪ್ಪಂದಿರ ಹೊಸ ಗುರುತಿಗೆ ಕಟ್ಟಿ ಮುಗಿಸಿದೆ.

ಉಳಿದವು ಏಳು. ಶಾಖೆ ಬದಲಾದ ಜೂನ್ 17ರಂದೇ ಟೈಪ್ ಮಾಡಿದವು. ಅವತ್ತು ಗೌರವಾಧ್ಯಕ್ಷರು ಮೂರು ಸಲ ಫೋನು ಮಾಡಿದ್ದರು. ಅವರ ಕೈಯಲ್ಲಿ ಯಾವಾಗ ಹಳೇ ಪ್ರೂಫು ಇತ್ತು, ಯಾವಾಗ ಹೊಸದು? ಡೈರಿಯಲ್ಲಿ "ಕೊಂಡಿ: 10" ಎಂದಷ್ಟೇ ಇದೆ. ಗಂಟೆ ಬರೆದಿಲ್ಲ. ಯಜಮಾನರ ಜೋಕಿಗೆ, ಮೀಸೆಗೆ, ಕಾಫಿಗೆ ಗಂಟೆ ಬರೆದ ನಾನು ಏಳು ಜನರ ಅಪ್ಪಂದಿರಿಗೆ ಬರೆಯಲಿಲ್ಲ. ಬೇರೆಯವರ ಬಗ್ಗೆ ಇಲ್ಲಿ ಬರೆದಿರುವುದನ್ನೆಲ್ಲ ಓದುವಾಗ ಇದನ್ನೂ ಸೇರಿಸಿಕೊಂಡು ಓದಿ.

ಜೂನ್ 30, ಸೋಮವಾರ, ಹನ್ನೊಂದು ಗಂಟೆ. ಇಬ್ಬರು ಅಧ್ಯಕ್ಷರು ಕುರ್ಚಿಯಲ್ಲಿ, ಕೆಂಗೇರಿ ಆಂಟಿ ಬಾಗಿಲ ಬಳಿಯ ಸ್ಟೂಲಿನಲ್ಲಿ. ಅವರನ್ನು ಬರಹೇಳಿದ್ದು ನಾನು.

"ಈಯಮ್ಮ ಯಾಕೆ ಇಲ್ಲಿ?" ಎಂದರು ಗೌರವಾಧ್ಯಕ್ಷರು.

"ನನ್ನ ಸಾಲು ತೆಗೀತಾರಂತಲ್ಲಣ್ಣ, ತೆಗೆಯೋದು ನೋಡೋಣಾಂತ."

"ಎಲ್ಲರದ್ದೂ ತೆಗೀತೀವಿ. ನಿನ್ನೊಬ್ಬಳದ್ದಲ್ಲ," ಎಂದರು ಅಧ್ಯಕ್ಷರು.

"ತೆಗೀರಿ ಸ್ವಾಮಿ. ನಂಗೇನು? ಗ್ರೂಪಲ್ಲಿ ಎಲ್ಲರೂ ನೋಡಿರೋದು ನಿಮ್ಮಪ್ಪನ ಹೆಸರು. ಈಗ ತೆಗೆದ್ರೆ, ನೋಡ್ರಪ್ಪ, ನಿಜ ಇತ್ತು ಅದಕ್ಕೇ ಮುಚ್ಚಾಕಿದ್ರು ಅಂತಾರೆ. ಅಂದ್ಕೊಳ್ಲಿ. ನಿಮ್ಮಪ್ಪನೂ ದೊಡ್ಡ ಮನುಷ್ಯನೇ. ನಂಗೆ ನಷ್ಟ ಇಲ್ಲ."

ಕೆಳಗಿನ ಅಂಗಡಿಯಲ್ಲಿ ಯಾರೋ ಕೊಳಗ ಬಡಿದು ನೋಡುತ್ತಿದ್ದರು. ಅಧ್ಯಕ್ಷರ ಮುಖದಲ್ಲಿ ಲೆಕ್ಕ ನಡೆಯುತ್ತಿರುವುದು ಕಾಣುತ್ತಿತ್ತು. ಆಮೇಲೆ ಅವರು ನಿಧಾನಕ್ಕೆ ಪಕ್ಕಕ್ಕೆ ತಿರುಗಿದರು.

"ನೀನು ಏನ್ ನಂಬರ್ ಹೇಳಿದ್ದೆ ಈ ಹುಡುಗೀಗೆ?"

"ನಂಗೆ ಎಲ್ಲಿ ನೆನಪಿರುತ್ತೆ?" ಎಂದರು ಗೌರವಾಧ್ಯಕ್ಷರು.

ನಾನು ಹಳೇ ಪ್ರೂಫಿನ ಪುಟವನ್ನೂ ಡೈರಿಯ ಜೂನ್ 13ರ ಪುಟವನ್ನೂ ಮೇಜಿನ ಮೇಲಿಟ್ಟೆ. ಶಾಖೆ ಬದಲಾಗುವುದಕ್ಕೆ ನಾಲ್ಕು ದಿನ ಮೊದಲೇ ಆ ಸಾಲು ಹಾಗೆ ಇತ್ತು, ಆಗ 2-4-7 ಅಂದರೆ ಯಾರು ಎಂದು ಪ್ರೂಫಿನಲ್ಲಿದೆ. ಅಧ್ಯಕ್ಷರು ಬೆರಳಿಟ್ಟು ಓದಿದರು.

"ಲೋ, ನಿಮ್ಮಪ್ಪ ಕಣೋ! ಗೊತ್ತಿದ್ದೂ ಗೊತ್ತಿದ್ದೂ ನಮ್ಮಪ್ಪನ ತಲೇಗೆ ಕಟ್ಟಿ ಸಹಿ ಹಾಕ್ದಾ? ವೀಳ್ಯ ನಿಂಗೆ, ಇದು ನಂಗಾ?"

ಅಲ್ಲಿಂದಾಚೆಗೆ ಸತ್ಯಕ್ಕೆ ಅವರಷ್ಟು ದೊಡ್ಡ ವಕೀಲರು ಆ ಕೋಣೆಯಲ್ಲಿ ಇರಲಿಲ್ಲ. ಸಾಲು ಇರಲೇಬೇಕು, ಸರಿಯಾದ ಹೆಸರಿನ ಜೊತೆ ಇರಬೇಕು, ಇವತ್ತೇ ಗ್ರೂಪಿಗೆ ಹೋಗಬೇಕು. ಮೂರು ದಿನ ಹಿಂದೆ ಮೂವತ್ತೆಂಟು ಜನರ ಅಪ್ಪಂದಿರನ್ನು ಒಂದೇ ಉಸಿರಿಗೆ ತೆಗೆದುಹಾಕಿ ಎಂದವರು ಇವರೇ. ಆಷಾಢದ ಮಾತು ಯಜಮಾನರು ನೆನಪಿಸಿದರು.

"ಇದು ಸಹಿ ಅಲ್ಲ, ತಿದ್ದುಪಡಿ," ಎಂದು ಅಧ್ಯಕ್ಷರು ಸಹಿ ಹಾಕಿದರು.

ಗೌರವಾಧ್ಯಕ್ಷರೂ ಹಾಕಿದರು. ತಂಗಿಯ ಕಡೆ ನೋಡಲಿಲ್ಲ.

ಹೊಸ ಗುರುತುಗಳ ವಿಷಯ ಹೇಳಿದೆ. ಒಂದನೇ ಸಂಖ್ಯೆ ಯಾರಿಗೆ ಎಂದು ಅಧ್ಯಕ್ಷರು ಕೇಳಿದರು. ಅದು ಅಚ್ಚಾಗುವುದಿಲ್ಲ, ಒಳಗೆ ಮಾತ್ರ ಇರುತ್ತದೆ ಎಂದೆ. "ಒಳಗಿದ್ರೂ ಇರುತ್ತಲ್ಲ," ಎಂದರು. ಸಂಖ್ಯೆ ಶುರುವಾಗುವುದೇ ಸಾವಿರದ ಒಂದರಿಂದ ಎಂದೆ. ಹಾಗಾದರೆ ಆ ಸಾವಿರದ ಒಂದು ಯಾರಿಗೆ ಎಂದು ಗೌರವಾಧ್ಯಕ್ಷರು ಕೇಳಿದರು. ಬೆಳಗಿನಿಂದ ಅವರು ತಾವಾಗಿ ಕೇಳಿದ ಪ್ರಶ್ನೆ ಅದೊಂದೇ.

ಕೊನೆಗೆ ಆ ಏಳು ಜನರ ಮಾತು ತೆಗೆದೆ. ಒಬ್ಬೊಬ್ಬರಿಗೂ ಇಬ್ಬರಲ್ಲಿ ಒಬ್ಬರು ಅಪ್ಪ, ಯಾರೆಂದು ಹೇಳಿದರೆ ಸರಿಪಡಿಸುತ್ತೇನೆ ಎಂದು ಗೌರವಾಧ್ಯಕ್ಷರ ಮುಂದೆ ಹದಿನಾಲ್ಕು ಹೆಸರುಗಳ ಪಟ್ಟಿ ಇಟ್ಟೆ.

"ಯಾವುದೋ ಒಂದು ಹಾಕಮ್ಮ."

"ಯಾವುದೋ ಒಂದು ಬೇಡ," ಎಂದರು ಅಧ್ಯಕ್ಷರು, ತಮ್ಮ ಶಾಖೆಯ ಹೆಸರುಗಳನ್ನು ಪಟ್ಟಿಯಲ್ಲಿ ನೋಡುತ್ತ. "ಗ್ಯಾರಂಟಿ ಇರೋದು ಹಾಕಿ, ಇಲ್ಲದ್ದು ತೆಗೀರಿ. ಅವರ್ಯಾರೂ ಬಂದು ಗಲಾಟೆ ಮಾಡಿಲ್ವಲ್ಲ."

ಯಜಮಾನರು ತಲೆಯಾಡಿಸಿದರು. ಮೂವತ್ತೊಂದು ಉಳಿದವು, ಏಳು ಹೋದವು. ಆಂಟಿ ಹೊಸ ಪುಟದಲ್ಲಿ ತಮ್ಮ ಸಾಲು ಓದಿದರು. ಆಮೇಲೆ ಕೆಳಗಿನ ಸಾಲುಗಳನ್ನೂ ಓದಿದರು. ಹೆಸರು ಇದ್ದು ತಂದೆ ಇಲ್ಲದ ಒಂದು ಸಾಲಿನ ಮೇಲೆ ಬೆರಳಿಟ್ಟು, "ಇವಳು ಬಂದು ಕೂತ್ಕೊಳ್ಳಿಲ್ಲ, ಅಷ್ಟೇ ಅಲ್ವಾ?" ಎಂದರು. ಹೌದು ಎಂದೆ. ಅವಳು ಯಾರೆಂದು ಅವರಿಗೂ ಗೊತ್ತಿರಲಿಲ್ಲ. ಆ ಮನೆತನದಲ್ಲಿ ಅದೇ ಹೆಸರಿನವರು ಹನ್ನೊಂದು ಮಂದಿ ಇದ್ದಾರೆ.

ಪುಸ್ತಕ ಶ್ರಾವಣದಲ್ಲಿ ಬಿಡುಗಡೆಯಾಯಿತು. ನನ್ನನ್ನು ಕರೆದಿರಲಿಲ್ಲ. ಮೊದಲ ವೀಳ್ಯ ಯಾರಿಗೆ ಹೋಯಿತೆಂದು ನಾನು ಕೇಳಲಿಲ್ಲ. ಫೈಲು ನನ್ನ ಬಳಿ ಇದೆ. ಏಳು ಜನಕ್ಕೂ ಅವರದೇ ಗುರುತು ಇದೆ, ಅದು ಬದಲಾಗುವುದಿಲ್ಲ. ಅವರ 'ತಂದೆ' ಖಾಲಿ ಇದೆ. ಫೋನಿನಲ್ಲಿ ಓದುವ ಪುಸ್ತಕವನ್ನು ತಿದ್ದುವುದು ಒಂದು ಸಾಲಿನ ಕೆಲಸ. ಅದಕ್ಕೆ ಯಾವ ಅಧ್ಯಕ್ಷರ ಸಹಿಯನ್ನೂ ನಾನು ಕೇಳುವುದಿಲ್ಲ.

ಅದಕ್ಕೇ ಇದನ್ನು ಬರೆದದ್ದು. ಹೇರೋಹಳ್ಳಿ, ಕೆಂಗೇರಿ ಕಡೆಯ ದೊಡ್ಡ ಒಕ್ಕಲು ಮನೆತನವೊಂದರ ವಂಶಾವಳಿ ನಿಮ್ಮ ಮನೆಯಲ್ಲಿದ್ದು, ಅದರ ಕೊನೆಯ 'ಇತರೆ ಬಂಧುಗಳು' ಪುಟಗಳಲ್ಲಿ ನಿಮ್ಮ ತಾಯಿಯದೋ ಅತ್ತೆಯದೋ ನಿಮ್ಮದೋ ಹೆಸರಿನ ಕೆಳಗೆ ತಂದೆಯ ಸಾಲು ಇಲ್ಲದಿದ್ದರೆ, ಆ ತಪ್ಪು ಅರ್ಧ ನನ್ನದು. ತಂದೆ ಯಾರೆಂದು ಬಲ್ಲವರು ಈ ಬರಹ ನಿಮಗೆ ಸಿಕ್ಕ ಜಾಗಕ್ಕೇ ಬರೆದು ತಿಳಿಸಿ. ಪುರಾವೆ ಬೇಡ, ಹೆಸರು ಸಾಕು. ಬಂದ ತಾರೀಖು, ಗಂಟೆ ಎರಡನ್ನೂ ಈ ಸಲ ಬರೆದುಕೊಳ್ಳುತ್ತೇನೆ.